ಕಾಲ ಮೀರಿದ ಶಕ್ತಿ

ಚಿನ್ನದ ಗಣಿಯ ಕೆಲಸವನ್ನು ಬಲ್ಲವರು ಸಿಡಿಯುವ ಮದ್ದಿಗಿಂತಲೂ ಸಿಡಿಯದೆ ಉಳಿದ ಮದ್ದಿಗೆ ಹೆಚ್ಚಾಗಿ ಅಂಜುವರು. ಬಂಡೆಯಲ್ಲಿ ಸಾಲಾಗಿ ರಂಧ್ರಗಳನ್ನು ಕೊರೆದು, ಅವುಗಳಲ್ಲಿ ಮದ್ದನ್ನು ತುಂಬಿ, ಜನರನ್ನೆಲ್ಲ ದೂರ ಸರಿಸಿ, ನಿಯತವಾದ ವೇಳೆಯಲ್ಲಿ ಸಿಡಿಸುವುದು ಗಣಿಯ ಪದ್ಧತಿ. ವೇಳೆಗೆ ಸರಿಯಾಗಿ ಸಿಡಿದ ಮದ್ದು ದಾರಿಯನ್ನು ತೆರೆಯುವುದು, ಅದಿರನ್ನು ಕೊಡುವುದು, ಅನೇಕ ಸಂಸಾರಗಳಿಗೆ ಅನ್ನವನ್ನಿಕ್ಕುವುದು. ಆದರೆ ಆ ಸಾಲಿನಲ್ಲಿ ಒಂದೇ ಒಂದು ರಂಧ್ರದ ಮದ್ದು ಸಿಡಿಯದೆ ಉಳಿದು, ಮುಂದಿನ ಪಾಳಿಯವರು ಅರಿಯದೆ ಅಲ್ಲಿಯೇ ಕೊರೆಯುವ ಯಂತ್ರವನ್ನು ಊರಿದರೆ, ಅನ್ನವನ್ನಿಕ್ಕಬೇಕಾಗಿದ್ದ ಅದೇ ಮದ್ದು ಪ್ರಾಣವನ್ನು ತೆಗೆಯುವುದು. ಮದ್ದಿನ ಗುಣವು ಎರಡು ಸಲವೂ ಒಂದೇ, ಪ್ರಮಾಣವೂ ಒಂದೇ. ವ್ಯತ್ಯಾಸವಾದುದು ಕಾಲ ಮಾತ್ರ. ಬಂಗಾರಪೇಟೆಯಿಂದ ಮಾರಿಕುಪ್ಪಮಿಗೆ ಹೋಗುವ ಕವಲುದಾರಿಯ ರೈಲಿನಲ್ಲಿ ಕೋರಮಂಡಲ್, ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟುವವರಿಗೆ ಇಂದು ಕಾಣುವುದು ಪುಡಿಮಾಡಿದ ಅದಿರಿನ ದಿಬ್ಬಗಳು ಮಾತ್ರ. ಗಣಿಗಳು 2001ರಲ್ಲಿಯೇ ಮುಚ್ಚಿಹೋದವು. ಆದರೂ ಗಣಿಯು ಕಲಿಸಿದ ಈ ಪಾಠವು ಮುಚ್ಚಿಹೋಗತಕ್ಕದ್ದಲ್ಲ.

ಏಕೆಂದರೆ ಮನುಷ್ಯನ ದೇಹದಲ್ಲಿಯೂ ಹೀಗೆಯೇ ಸಿಡಿಯದೆ ಉಳಿದ ಮದ್ದು ಒಂದುಂಟು. ತಾಯಿಯ ಗರ್ಭದಲ್ಲಿರುವಾಗ ಅದು ಅತ್ಯಾವಶ್ಯಕವಾದ ಶಕ್ತಿ. ತನ್ನ ಕಾಲ ಮುಗಿದ ಮೇಲೂ ಅಡಗದೆ ಉಳಿದರೆ ಅದೇ ವ್ಯಾಧಿ. ತರುಣರ ವೃಷಣದಲ್ಲಿ ಹುಟ್ಟುವ ಬೀಜಕೋಶಗಳ ಅರ್ಬುದವೇ ಆ ವ್ಯಾಧಿ. ಈ ಅರ್ಬುದದ ವಿಚಾರವು ಕೇವಲ ವೈದ್ಯರಿಗೆ ಸಂಬಂಧಿಸಿದುದೆಂದು ತೋರಬಹುದು. ಆದರೆ ಅದರೊಳಗೆ ಧರ್ಮಜಿಜ್ಞಾಸೆಯ ಒಂದು ಪ್ರಶ್ನೆಯು ಅಡಗಿದೆ. ಒಂದು ಶಕ್ತಿಯು ಕೆಡುಕನ್ನುಂಟುಮಾಡಿದಾಗ ದೋಷವನ್ನು ಯಾವುದರ ಮೇಲೆ ಹೊರಿಸಬೇಕು? ಶಕ್ತಿಯ ಮೇಲೆಯೆ, ಶಕ್ತಿಯನ್ನು ಹೊತ್ತವನ ಮೇಲೆಯೆ, ಅಥವಾ ಮತ್ತಾವುದರ ಮೇಲೆ? ಈ ಪ್ರಶ್ನೆಗೆ ತಪ್ಪಾದ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಾಯಿಬಿಡದೆ ಪ್ರಾಣವನ್ನು ಕಳೆದುಕೊಳ್ಳುವವರು ಇರುವುದರಿಂದ, ಇದನ್ನು ವಿಚಾರಿಸುವುದು ಕೇವಲ ಪಾಂಡಿತ್ಯದ ವಿನೋದವಲ್ಲ.

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಗರ್ಭವು ನಿಂತ ಮೊದಲ ದಿನಗಳಲ್ಲಿ ಭ್ರೂಣದ ಜೀವಕೋಶಗಳಿಗೆ ಇನ್ನೂ ವೃತ್ತಿಭೇದವಿರುವುದಿಲ್ಲ. ಒಂದೊಂದು ಕೋಶವೂ ಚರ್ಮವಾಗಬಲ್ಲುದು, ಎಲುಬಾಗಬಲ್ಲುದು, ನರವಾಗಬಲ್ಲುದು. ಈ ಗುಣವನ್ನು ಬಹುರೂಪಸಾಮರ್ಥ್ಯವೆಂದು ಕರೆಯಬಹುದು. ಕೋಶದೊಳಗಿನ ಕೆಲವು ವಂಶವಾಹಿಗಳು ಎಚ್ಚರವಾಗಿರುವುದರಿಂದ ಈ ಸಾಮರ್ಥ್ಯವು ನಿಲ್ಲುವುದು. ಅವುಗಳಲ್ಲಿ ಆಕ್ಟ್-4 ಎಂಬುದೂ ನ್ಯಾನೋಗ್ ಎಂಬುದೂ ಪ್ರಸಿದ್ಧವಾದವು. ದಿನಗಳು ಕಳೆದಂತೆ ಈ ವಂಶವಾಹಿಗಳು ಒಂದೊಂದು ಅಂಗದಲ್ಲಿಯೂ ನಿದ್ರೆಹೋಗುವುವು. ಕೋಶಗಳು ತಮ್ಮ ತಮ್ಮ ವೃತ್ತಿಯನ್ನು ಹಿಡಿದು ಮಿಕ್ಕವನ್ನು ಬಿಡುವುವು. ಯಕೃತ್ತಾದ ಕೋಶವು ಕಣ್ಣಾಗುವ ಆಸೆಯನ್ನು ಬಿಟ್ಟುದರಿಂದಲೇ ಯಕೃತ್ತಾಯಿತು.

ಒಂದು ಗುಂಪಿನ ಕೋಶಗಳು ಮಾತ್ರ ಈ ತ್ಯಾಗವನ್ನು ತಡಮಾಡುವುವು. ಅವೇ ಮುಂದಿನ ಸಂತಾನಕ್ಕೆ ಮೂಲವಾಗತಕ್ಕ ಆದಿಬೀಜಕೋಶಗಳು. ಮೂರು ನಾಲ್ಕು ವಾರಗಳ ಭ್ರೂಣದಲ್ಲಿ ಇವು ವೃಷಣದ ಸ್ಥಾನದಲ್ಲಿ ಇರುವುದಿಲ್ಲ. ಭ್ರೂಣಕ್ಕೆ ಅಂಟಿದ ಅಂಡಪೀತಚೀಲದ ಗೋಡೆಯಲ್ಲಿ ಕಾಣಿಸಿಕೊಳ್ಳುವುವು. ಅಲ್ಲಿಂದ ಕರುಳಿನ ಮಾರ್ಗವಾಗಿ ಪ್ರಯಾಣಮಾಡಿ, ಐದಾರು ವಾರಗಳ ಹೊತ್ತಿಗೆ ಮುಂದೆ ವೃಷಣವಾಗತಕ್ಕ ಎಡೆಯನ್ನು ಸೇರುವುವು. ಈ ಪ್ರಯಾಣದಲ್ಲೆಲ್ಲ ಆಕ್ಟ್-4 ಮತ್ತು ನ್ಯಾನೋಗ್ ಎಚ್ಚರವಾಗಿಯೇ ಇರುವುವು. ವೃಷಣವನ್ನು ಸೇರಿದ ಬಳಿಕ ಪೋಷಕಕೋಶಗಳು ಇವುಗಳನ್ನು ಸುತ್ತುವರಿದು, ದಾದಿಯು ಮಗುವನ್ನು ಹಿಡಿದಂತೆ ಹಿಡಿದು, ಬೀಜವೃತ್ತಿಗೆ ಪಕ್ವಗೊಳಿಸುವುವು. ಆಗ ಹಳೆಯ ವಂಶವಾಹಿಗಳು ಕ್ರಮವಾಗಿ ಅಡಗುವುವು. ಶಿಶುವು ಹುಟ್ಟಿ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆರೋಗ್ಯವಾದ ವೃಷಣದಲ್ಲಿ ಆಕ್ಟ್-4 ಎಚ್ಚರವಾಗಿರುವ ಬೀಜಕೋಶವು ದೊರೆಯುವುದಿಲ್ಲ. ಮದ್ದು ತನ್ನ ವೇಳೆಯಲ್ಲಿ ಸಿಡಿದು ದಾರಿಯನ್ನು ತೆರೆದಂತಾಯಿತು.

ಎಲ್ಲಿಯೋ ಒಂದೆರಡು ಕೋಶಗಳು ಪಕ್ವವಾಗದೆ ಹಿಂದುಳಿದರೆ ಅವು ತಮ್ಮ ಭ್ರೂಣಾವಸ್ಥೆಯನ್ನೇ ಹಿಡಿದುಕೊಂಡು ಬಾಲ್ಯವನ್ನೆಲ್ಲ ಮೌನವಾಗಿ ಕಳೆಯುವುವು. 1972ರಲ್ಲಿ ಡೆನ್ಮಾರ್ಕಿನ ಸ್ಕಾಕೆಬೆಕ್ ಎಂಬ ವೈದ್ಯರು, ಸಂತಾನವಿಲ್ಲದೆ ಪರೀಕ್ಷೆಗೆ ಬಂದವರ ವೃಷಣದಲ್ಲಿ ಇಂತಹ ಕೋಶಗಳನ್ನು ಕಂಡು, ಇವೇ ಅರ್ಬುದದ ಪೂರ್ವರೂಪವೆಂದು ತೋರಿಸಿದರು. ಯೌವನವು ಬಂದು ದೇಹದ ರಸಗಳು ಉಕ್ಕಿದಾಗ, ಹಿಂದುಳಿದ ಈ ಕೋಶಗಳೂ ಕೆರಳುವುವು. ಅವು ಕಂಡುಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಐದು ವರ್ಷಗಳೊಳಗೆ ಅರ್ಬುದವಾಗುವುದು. ಆದುದರಿಂದಲೇ ಮಿಕ್ಕ ಅರ್ಬುದಗಳು ಮುಪ್ಪಿನಲ್ಲಿ ಬರುವುದು ಹೆಚ್ಚಾದರೆ, ಇದು ಹದಿನೈದಕ್ಕೂ ನಲವತ್ತಕ್ಕೂ ನಡುವಣ ವಯಸ್ಸಿನವರನ್ನು ಹೆಚ್ಚಾಗಿ ಹಿಡಿಯುವುದು.

ಈ ವ್ಯಾಧಿಯ ಲಕ್ಷಣಗಳು ಗರ್ಭವನ್ನೇ ನೆನಪಿಗೆ ತರುವುವು. ಕೆಲವು ಗಂತಿಗಳನ್ನು ಸೀಳಿ ನೋಡಿದರೆ ಒಳಗೆ ಕೂದಲು, ಮೃದ್ವಸ್ಥಿ, ಒಮ್ಮೊಮ್ಮೆ ಹಲ್ಲು ಕೂಡ ದೊರೆಯುವುದುಂಟು. ಭ್ರೂಣದ ಅಂಡಪೀತಚೀಲವೂ ಗರ್ಭದ ಮಾಸೂ ಸ್ರವಿಸುವ ದ್ರವ್ಯಗಳು ರೋಗಿಯ ರಕ್ತದಲ್ಲಿ ಕಾಣಿಸುವುವು; ಅವುಗಳನ್ನು ಅಳೆದೇ ವೈದ್ಯರು ರೋಗದ ಏರಿಳಿತವನ್ನು ತಿಳಿಯುವರು. ಬಸುರಿಯರಿಗೆ ಮಾಡುವ ಪರೀಕ್ಷೆಯು ಇಂತಹ ಕೆಲವು ಪುರುಷರಲ್ಲಿ ಹೌದೆಂದು ಉತ್ತರಕೊಡುವುದು. ದೇಹವು ತನ್ನ ಆದಿಯನ್ನು ಮತ್ತೊಮ್ಮೆ ಆಡಿ ತೋರಿಸುತ್ತಿರುವುದು. ಆದರೆ ಸೂತ್ರಧಾರನಿಲ್ಲ, ಸಂಧಿಯಿಲ್ಲ, ಮಂಗಳವಿಲ್ಲ.

ನ್ಯಾನೋಗ್ ಎಂಬ ಹೆಸರಿನ ಹುಟ್ಟು ಇಲ್ಲಿ ಗಮನಾರ್ಹವಾದುದು. ಐರ್ಲೆಂಡಿನ ಪುರಾಣಕಥೆಗಳಲ್ಲಿ ಯಾರೂ ಮುದುಕರಾಗದ ಒಂದು ದೇಶವುಂಟು; 2003ರಲ್ಲಿ ಎಡಿನ್‌ಬರೋ ನಗರದ ವಿಜ್ಞಾನಿಗಳು ಆ ನಿತ್ಯಯೌವನದ ದೇಶದ ಹೆಸರಿನಿಂದಲೇ ಈ ವಂಶವಾಹಿಗೆ ನಾಮಕರಣ ಮಾಡಿದರು. ನಮ್ಮವರಿಗೆ ಅದನ್ನು ಕೇಳಿದೊಡನೆ ಯಯಾತಿಯ ನೆನಪಾಗುವುದು ಸಹಜ. ಮುಪ್ಪು ಬಂದಾಗ ಅದನ್ನು ಸ್ವೀಕರಿಸಲಾರದೆ ಮಗನಾದ ಪೂರುವಿನ ಯೌವನವನ್ನು ಬೇಡಿ ಪಡೆದ ಆ ರಾಜನು ಬಹುಕಾಲ ಸುಖವನ್ನನುಭವಿಸಿ, ಕಡೆಗೆ ತೃಪ್ತಿಯಿಲ್ಲವೆಂಬುದನ್ನು ಕಂಡು ಯೌವನವನ್ನು ಹಿಂದಕ್ಕೆ ಕೊಟ್ಟನು. ಯೌವನವು ಕೆಟ್ಟದ್ದೆಂದು ಆ ಕಥೆಯು ಹೇಳುವುದಿಲ್ಲ. ಪೂರುವಿನಲ್ಲಿ ಅದೇ ಯೌವನವು ಶೋಭಿಸಿತು. ತನ್ನದಲ್ಲದ ಕಾಲದಲ್ಲಿ ಅದನ್ನು ಹಿಡಿದುಕೊಂಡುದೇ ಅನರ್ಥವಾಯಿತು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಇಷ್ಟು ಅನರ್ಥಕ್ಕೆ ಕಾರಣವಾಗುವ ಶಕ್ತಿಯು ಸ್ವಭಾವದಿಂದಲೇ ದುಷ್ಟವಾಗಿರಬೇಕಲ್ಲವೆ ಎಂದು ಕೆಲವರು ಕೇಳುವರು. ಇದಕ್ಕೆ ಪ್ರಯೋಗಶಾಲೆಯೇ ಉತ್ತರವನ್ನು ಕೊಟ್ಟಿದೆ. ಅಮೆರಿಕೆಯ ಲಿರಾಯ್ ಸ್ಟೀವನ್ಸ್ ಎಂಬವರು 1950ರ ದಶಕದಲ್ಲಿ, ಒಂದು ವಂಶದ ಇಲಿಗಳ ವೃಷಣದಲ್ಲಿ ನೂರಕ್ಕೊಂದರಂತೆ ಇಂತಹ ಗಂತಿಗಳು ತಾವಾಗಿಯೇ ಹುಟ್ಟುವುದನ್ನು ಕಂಡರು. 1964ರಲ್ಲಿ ಕ್ಲೈನ್‌ಸ್ಮಿತ್ ಮತ್ತು ಪಿಯರ್ಸ್ ಎಂಬವರು ಗಂತಿಯ ಒಂದೇ ಒಂದು ಕೋಶವನ್ನು ಬೇರ್ಪಡಿಸಿ, ಅದರಿಂದ ನಾನಾ ಅಂಗಾಂಶಗಳುಳ್ಳ ಇನ್ನೊಂದು ಗಂತಿಯು ಬೆಳೆಯುವುದನ್ನು ತೋರಿಸಿದರು. ಅದಕ್ಕಿಂತಲೂ ಆಶ್ಚರ್ಯವಾದ ಸಂಗತಿಯು 1974 ಮತ್ತು 1975ರಲ್ಲಿ ನಡೆಯಿತು. ಬ್ರಿನ್‌ಸ್ಟರ್ ಎಂಬವರೂ, ಅನಂತರ ಬಿಯಾಟ್ರಿಸ್ ಮಿಂಟ್ಸ್ ಮತ್ತು ಇಲ್ಮೆನ್ಸೀ ಎಂಬವರೂ, ಇಲಿಯ ಗಂತಿಯ ಕೋಶಗಳನ್ನು ತೆಗೆದು ಕೆಲವೇ ದಿನಗಳ ಆರೋಗ್ಯವಾದ ಭ್ರೂಣದೊಳಗೆ ಸೇರಿಸಿದರು. ಆ ಭ್ರೂಣವು ಇಲಿಮರಿಯಾಗಿ ಹುಟ್ಟಿತು. ಅರ್ಬುದದ ಕೋಶಗಳ ಸಂತತಿಯು ಅದರ ದೇಹದಲ್ಲಿ ಸಭ್ಯವಾದ ಅಂಗಾಂಶವಾಗಿ ಬೆಳೆದುಕೊಂಡಿತು. ಯಾವ ಕೋಶವು ಪ್ರೌಢವಾದ ದೇಹದಲ್ಲಿ ಕೊಲೆಗಾರನಾಗಿತ್ತೋ ಅದೇ ಕೋಶವು ತನ್ನ ಕಾಲಕ್ಕೂ ತನ್ನ ಸಂಗಕ್ಕೂ ಮರಳಿದಾಗ ಒಳ್ಳೆಯ ಗೃಹಸ್ಥನಾಯಿತು. ಇದು ಮನುಷ್ಯರಿಗೆ ಮಾಡತಕ್ಕ ಚಿಕಿತ್ಸೆಯಲ್ಲ. ಆದರೆ ಶಕ್ತಿಯು ಸ್ವಭಾವದಿಂದ ದುಷ್ಟವೆಂಬ ಪಕ್ಷವನ್ನು ಖಂಡಿಸಲು ಇಷ್ಟು ಸಾಕು.

ಕನ್ನಡನಾಡಿನಲ್ಲಿಯೂ ಈ ಶಕ್ತಿಯ ಶೋಧನೆಯು ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರೂ ಅವರ ಸಹೋದ್ಯೋಗಿಗಳೂ, ಕೆಳದರ್ಜೆಯವೆಂದು ತ್ಯಜಿಸಲ್ಪಟ್ಟ ಮಾನವಭ್ರೂಣಗಳಿಂದ ಬಹುರೂಪಸಾಮರ್ಥ್ಯವುಳ್ಳ ಎರಡು ಕೋಶಸಂತತಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿದರು. ಜಪಾನಿನ ಯಮನಕ ಅವರು ಅದಕ್ಕೆ ಮುಂಚೆ, 2006ರಲ್ಲಿ, ಆಕ್ಟ್-4 ಮೊದಲಾದ ನಾಲ್ಕು ವಂಶವಾಹಿಗಳನ್ನು ಸೇರಿಸಿ ಇಲಿಯ ಪ್ರೌಢಕೋಶವನ್ನೇ ಮತ್ತೆ ಆದಿಕೋಶವನ್ನಾಗಿ ಮಾಡಿದ್ದರು. ಅದಕ್ಕಾಗಿ 2012ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಕೆಟ್ಟುಹೋದ ಅಂಗಗಳನ್ನು ಸರಿಪಡಿಸುವ ಆಸೆಯು ಈ ಶಕ್ತಿಯ ಮೇಲೆಯೇ ನಿಂತಿದೆ. ಹಾಗಿದ್ದರೂ ಒಂದು ಕೋಶಕ್ಕೆ ಈ ಸಾಮರ್ಥ್ಯವು ನಿಜವಾಗಿ ಇದೆಯೆ ಎಂದು ಪರೀಕ್ಷಿಸುವ ರೂಢಿಯ ವಿಧಾನ ಯಾವುದೆಂದರೆ, ಅದನ್ನು ಇಲಿಯ ದೇಹದಲ್ಲಿಟ್ಟು ನಾನಾ ಅಂಗಾಂಶಗಳ ಗಂತಿಯು ಹುಟ್ಟುವುದೇ ಎಂದು ನೋಡುವುದು! ಆಶೆಯ ಪರೀಕ್ಷೆಗೂ ವ್ಯಾಧಿಯ ಲಕ್ಷಣಕ್ಕೂ ಭೇದವಿಲ್ಲ. ಶಕ್ತಿಯೊಂದೇ, ಇಟ್ಟ ಎಡೆಯೂ ಕಾಲವೂ ಅದನ್ನು ಔಷಧವನ್ನಾಗಿಯೋ ವಿಷವನ್ನಾಗಿಯೋ ಮಾಡುವುವು.

ನಮ್ಮ ದಾರ್ಶನಿಕರಿಗೆ ಈ ತತ್ತ್ವವು ಹೊಸದಲ್ಲ. ಕಾರ್ಯವು ಕಾರಣದಲ್ಲಿ ಅವ್ಯಕ್ತವಾಗಿ ಮೊದಲೇ ಇರುವುದೆಂದು ಸಾಂಖ್ಯರು ಹೇಳಿದರು. ಇಲ್ಲ, ಅದು ಹೊಸದಾಗಿ ಆರಂಭವಾಗುವುದೆಂದು ನೈಯಾಯಿಕರು ವಾದಿಸಿದರು. ಭ್ರೂಣಕೋಶವನ್ನು ಕಂಡರೆ ಸಾಂಖ್ಯರು ತಮ್ಮ ಪಕ್ಷವೇ ಗೆದ್ದಿತೆನ್ನಬಹುದು. ಕೂದಲೂ ಹಲ್ಲೂ ಆಗುವ ಶಕ್ತಿಯು ಅದರಲ್ಲಿ ಅಡಗಿರುವುದಷ್ಟೆ. ಆದರೆ ನೈಯಾಯಿಕರು ಇನ್ನೊಂದು ಮಾತನ್ನು ಸೇರಿಸಿದ್ದಾರೆ. ಹುಟ್ಟುವ ಸಕಲ ವಸ್ತುಗಳಿಗೂ ಕಾಲವು ಸಾಧಾರಣ ಕಾರಣವೆಂದು ಅವರ ಮತ. ಬೀಜವಿದ್ದರೂ, ನೆಲವಿದ್ದರೂ, ನೀರಿದ್ದರೂ, ಕಾಲ ಕೂಡಿಬಾರದೆ ಮೊಳಕೆಯಿಲ್ಲ. ವೃಷಣದ ಅರ್ಬುದದಲ್ಲಿ ಶಕ್ತಿಯ ವಿಷಯದಲ್ಲಿ ಸಾಂಖ್ಯರೂ, ಅನರ್ಥದ ವಿಷಯದಲ್ಲಿ ನೈಯಾಯಿಕರೂ ಸರಿಯೆಂದು ಹೇಳಬೇಕಾಗಿದೆ. ಶಕ್ತಿಯು ಒಳಗೇ ಇದ್ದಿತು; ಕೆಟ್ಟುದು ಕಾಲದ ಅನುಬಂಧ.

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಬಲವಾದುದು, ಲೋಕದಲ್ಲಿ ಹೆಚ್ಚಾಗಿ ಹಬ್ಬಿರುವುದು. ಶಕ್ತಿಯಲ್ಲಿ ದೋಷವಿಲ್ಲದಿದ್ದರೆ ಆ ಪುರುಷನಲ್ಲಿಯೇ ದೋಷವಿರಬೇಕು. ಗುಹ್ಯಸ್ಥಾನದಲ್ಲಿ ಬಂದ ರೋಗವಾದುದರಿಂದ ಗುಹ್ಯವಾದ ಯಾವುದೋ ತಪ್ಪಿನ ಫಲವಾಗಿರಬೇಕು ಎಂಬುದೇ ಆ ಪಕ್ಷ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅನೇಕರು ನಂಬುವರು. ನಂಬುವವರಲ್ಲಿ ಮೊದಲನೆಯವನು ರೋಗಿಯೇ.

ಕೋರಮಂಡಲ್‌ನಲ್ಲಿ ವಾಸಮಾಡುತ್ತ, ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುವ ಇಪ್ಪತ್ತೈದು ವರ್ಷದ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಒಂದು ದಿನ ಸ್ನಾನಮಾಡುವಾಗ ವೃಷಣದಲ್ಲಿ ಗಟ್ಟಿಯಾದ ಗಂಟೊಂದು ಕೈಗೆ ಸಿಕ್ಕುವುದು. ನೋವಿಲ್ಲ. ನೋವಿಲ್ಲದುದರಿಂದ ತಾನಾಗಿಯೇ ಹೋಗುವುದೆಂದು ಸುಮ್ಮನಾಗುವನು. ತಿಂಗಳು ಎರಡಾಗುವುದು, ನಾಲ್ಕಾಗುವುದು. ಊಟಕ್ಕೆ ಕುಳಿತವನು ಅರ್ಧದಲ್ಲೇ ಏಳುವುದನ್ನು ಕಂಡು ತಾಯಿಯು, “ಏನಪ್ಪಾ, ಮೈಗೆ ಸರಿಯಿಲ್ಲವೆ?” ಎಂದು ಕೇಳುವಳು. “ಏನೂ ಇಲ್ಲಮ್ಮ, ರೈಲಿನ ಆಯಾಸ” ಎಂದು ಅವನ ಉತ್ತರ. ತಂದೆಗೆ ಹೇಳಲು ನಾಚಿಕೆ; ಸ್ನೇಹಿತರಿಗೆ ಹೇಳಿದರೆ ಹಾಸ್ಯವಾದೀತೆಂಬ ಭಯ; ಹೆಣ್ಣು ನೋಡುತ್ತಿರುವ ಕಾಲದಲ್ಲಿ ಈ ಸುದ್ದಿ ಹೊರಬಿದ್ದರೆ ಮದುವೆಯೇ ನಿಂತೀತೆಂಬ ಚಿಂತೆ. ಬೆನ್ನು ನೋವು, ಕೆಮ್ಮು, ಉಬ್ಬಸ ಕಾಣಿಸಿಕೊಂಡ ಮೇಲೆ ಅವನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಗಂತಿಯು ಹೊಟ್ಟೆಯ ಗ್ರಂಥಿಗಳನ್ನೂ ಶ್ವಾಸಕೋಶವನ್ನೂ ಸೇರಿರುವುದು. ಇಂತಹವನಿಗೆ ಮೊದಲು ಹಾನಿಮಾಡಿದುದು ಅರ್ಬುದವಲ್ಲ, ಲಜ್ಜೆ.

ಈ ಲಜ್ಜೆಗೆ ಆಧಾರವುಂಟೆ? ಅರ್ಬುದಕ್ಕೆ ಬೀಜವಾದ ಕೋಶವು ಹಿಂದುಳಿದುದು ಅವನು ಗರ್ಭದಲ್ಲಿದ್ದಾಗ ಅಥವಾ ತೊಟ್ಟಿಲಲ್ಲಿದ್ದಾಗ. ಆಗ ಅವನಿಗೆ ಕರ್ತೃತ್ವವಿರಲಿಲ್ಲ, ಇಚ್ಛೆಯಿರಲಿಲ್ಲ, ಹೆಸರು ಕೂಡ ಇರಲಿಲ್ಲವೆನ್ನಬಹುದು. ಇಚ್ಛೆಯಿಲ್ಲದ ಕಡೆ ಅಪರಾಧವೆಲ್ಲಿಯದು? ಯೌವನದ ಯಾವ ನಡತೆಯಿಂದಲೂ ಇದು ಹುಟ್ಟುವುದಲ್ಲ. ಒಬ್ಬರಿಂದೊಬ್ಬರಿಗೆ ಅಂಟುವುದೂ ಅಲ್ಲ. ಇದು ಪೂರ್ವಜನ್ಮದ ಕರ್ಮವೆಂದು ಹೇಳುವವರಿಗೂ ಒಂದು ಉತ್ತರವುಂಟು. ಆ ಮಾತನ್ನು ಒಪ್ಪಿದರೂ ಚಿಕಿತ್ಸೆಯ ಕರ್ತವ್ಯವು ಎಳ್ಳಷ್ಟೂ ಕಡಮೆಯಾಗುವುದಿಲ್ಲ. ಕರ್ಮವನ್ನು ನಂಬಿದ ನಾಡಿನಲ್ಲಿಯೇ ಆಯುರ್ವೇದವು ಬೆಳೆಯಿತು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದವನ್ನು ಹೇಳಿದ ಮುಂದಿನ ಅಧ್ಯಾಯದಲ್ಲಿಯೇ ವೃಷಣದ ವೃದ್ಧಿರೋಗಗಳನ್ನು ಏಳು ವಿಧವಾಗಿ ವಿಂಗಡಿಸಿ ನಿಸ್ಸಂಕೋಚವಾಗಿ ವರ್ಣಿಸಲಾಗಿದೆ. ಋಷಿಗಳಿಗೆ ಬಾರದ ನಾಚಿಕೆಯು ಅವರ ಸಂತಾನಕ್ಕೆ ಬರಬೇಕಾದ ಕಾರಣವಿಲ್ಲ.

ಗಣಿಯ ಊರಿನವರಿಗೆ ಇದನ್ನು ತಿಳಿಯಲು ದೂರ ಹೋಗಬೇಕಾದುದಿಲ್ಲ. ಕಲ್ಲಿನ ಧೂಳನ್ನು ನುಂಗಿ ಶ್ವಾಸಕೋಶವು ಕಲ್ಲಾಗುವ ಸಿಲಿಕೋಸಿಸ್ ರೋಗವನ್ನು 1940ರ ದಶಕದಲ್ಲಿಯೇ ವೈದ್ಯರು ಇಲ್ಲಿಯ ಗಣಿಗಾರರಲ್ಲಿ ಪರೀಕ್ಷಿಸಿ ದಾಖಲಿಸಿದ್ದರು. ಕೆಮ್ಮುತ್ತ ಜಗಲಿಯಲ್ಲಿ ಕುಳಿತ ಅಜ್ಜನನ್ನು ಪಾಪಿಯೆಂದು ಯಾವ ಮನೆಯವರು ಕರೆದಾರು? ಬಂಡೆ ಉರುಳಿ ಕಾಲು ಮುರಿದವನಿಗೆ ಅದು ನಿನ್ನ ನಡತೆಯ ಫಲವೆಂದು ಯಾರು ಹೇಳಿಯಾರು? ಶ್ವಾಸಕೋಶವೂ ಅಂಗ, ಕಾಲೂ ಅಂಗ, ವೃಷಣವೂ ಅಂಗ. ವಸ್ತ್ರವು ಮುಚ್ಚಿದ ಮಾತ್ರಕ್ಕೆ ಒಂದು ಅಂಗದ ರೋಗವು ನೀತಿಯ ವಿಷಯವಾಗುವುದಿಲ್ಲ.

ಮೌನವು ಹೆಚ್ಚು ಶೋಚನೀಯವಾಗುವುದಕ್ಕೆ ಇನ್ನೊಂದು ಕಾರಣವುಂಟು. ಈ ಅರ್ಬುದವು ಅತ್ಯಂತ ಸಾಧ್ಯವಾದ ಅರ್ಬುದಗಳಲ್ಲೊಂದು. ಚಿನ್ನದ ನಾಡಿನವರು ಕೇಳತಕ್ಕ ಸಂಗತಿಯೆಂದರೆ, ಇದರ ಮುಖ್ಯ ಔಷಧವು ಹುಟ್ಟಿದುದು ಇನ್ನೊಂದು ಅಮೂಲ್ಯ ಲೋಹದಿಂದ. ಅಮೆರಿಕೆಯ ಬಾರ್ನೆಟ್ ರೋಸೆನ್‌ಬರ್ಗ್ ಎಂಬವರು ಪ್ಲಾಟಿನಂ ತುಂಡುಗಳ ಮೂಲಕ ವಿದ್ಯುತ್ತನ್ನು ಹರಿಸುತ್ತಿದ್ದಾಗ ಸೂಕ್ಷ್ಮಜೀವಿಗಳು ವಿಭಾಗವಾಗದೆ ನಿಂತುದನ್ನು ಕಂಡು 1965ರಲ್ಲಿ ಪ್ರಕಟಿಸಿದರು. ಅದರಿಂದ ಸಿಸ್‌ಪ್ಲಾಟಿನ್ ಎಂಬ ಔಷಧವಾಯಿತು. 1974ರಲ್ಲಿ ಲಾರೆನ್ಸ್ ಐನ್‌ಹಾರ್ನ್ ಎಂಬ ವೈದ್ಯರು ಅದನ್ನು ಬೇರೆ ಎರಡು ಔಷಧಗಳೊಡನೆ ಸೇರಿಸಿ ಈ ರೋಗಿಗಳಿಗೆ ಕೊಡಲಾರಂಭಿಸಿದರು. ಅದಕ್ಕೆ ಮುಂಚೆ ದೇಹದಲ್ಲೆಲ್ಲ ಹರಡಿದ ಈ ರೋಗದಿಂದ ಉಳಿಯುತ್ತಿದ್ದವರು ಅತಿ ವಿರಳ. ಬಳಿಕ ನೂರಕ್ಕೆ ಸುಮಾರು 80 ಮಂದಿ ಗುಣಹೊಂದುವಂತಾಯಿತು. ಹರಡುವುದಕ್ಕೆ ಮುಂಚೆ ಬಂದವರಲ್ಲಿ ಬಹುಮಟ್ಟಿಗೆ ಎಲ್ಲರೂ ಉಳಿಯುವರು. ಭ್ರೂಣಾವಸ್ಥೆಯನ್ನು ಹಿಡಿದುಕೊಂಡ ಕೋಶಗಳು ಭ್ರೂಣದಂತೆಯೇ ಸುಕುಮಾರವಾಗಿದ್ದು ಈ ಔಷಧಕ್ಕೆ ಬೇಗನೆ ಸಾಯುವುವು; ಪಕ್ವವಾಗಿ ಕೂದಲು ಮೃದ್ವಸ್ಥಿಗಳಾದ ಭಾಗವು ಮಾತ್ರ ಔಷಧಕ್ಕೆ ಬಗ್ಗದೆ ಶಸ್ತ್ರವನ್ನು ಬೇಡುವುದು. ಯಾವ ಎಳೆತನದಿಂದ ರೋಗವು ಭಯಂಕರವಾಯಿತೋ ಅದೇ ಎಳೆತನವು ಅದರ ಮರ್ಮಸ್ಥಾನ.

ಆದುದರಿಂದ ಇಲ್ಲಿ ತಿಳಿದಿರತಕ್ಕ ವಿಷಯಗಳು ಕೆಲವೇ. ನೋವಿಲ್ಲದ ಗಟ್ಟಿ ಗಂಟು ಕಂಡರೆ ವಾರಗಳನ್ನು ಎಣಿಸದೆ ವೈದ್ಯರಿಗೆ ತೋರಿಸಬೇಕು. ಶ್ರವಣಾತೀತವಾದ ಧ್ವನಿಯಿಂದ ಮಾಡುವ ಸ್ಕ್ಯಾನಿಂಗ್ ಪರೀಕ್ಷೆಯೂ ರಕ್ತಪರೀಕ್ಷೆಯೂ ದೇಹವನ್ನು ನೋಯಿಸುವುವಲ್ಲ. ಒಂದು ವೃಷಣವನ್ನು ತೆಗೆಯಬೇಕಾದರೂ ಇನ್ನೊಂದು ಆರೋಗ್ಯವಾಗಿದ್ದರೆ ಪುರುಷತ್ವಕ್ಕೂ ಸಂತಾನಕ್ಕೂ ಸಾಮಾನ್ಯವಾಗಿ ಅದು ಸಾಕು. ಔಷಧಕ್ಕೆ ಮುಂಚೆ ವೀರ್ಯವನ್ನು ಶೀತಲದಲ್ಲಿ ಕಾಪಾಡಿಡುವ ಉಪಾಯವೂ ಉಂಟು. ಗಂಡುಮಗುವಿನ ವೃಷಣವು ಆರು ತಿಂಗಳಾದರೂ ಚೀಲಕ್ಕೆ ಇಳಿಯದಿದ್ದರೆ, ಮುಂದೆ ಈ ರೋಗದ ಸಂಭವವು ಹೆಚ್ಚಾದುದರಿಂದ, ತಾಯಿತಂದೆಗಳು ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯನ್ನು ಮಾಡಿಸುವುದು ಉತ್ತಮ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯು ಕೋರಮಂಡಲ್‌ನ ತರುಣನಿಗೆ ದೂರವೇನಲ್ಲ. ಅವನು ಪ್ರತಿದಿನ ಹತ್ತುವ ರೈಲೇ ಅವನನ್ನು ಆ ನಗರಕ್ಕೆ ಒಯ್ಯುತ್ತಿರುವುದು. ಬೇಕಾದುದು ತಾಯಿಯ ಪ್ರಶ್ನೆಗೆ ಒಂದು ನಿಜವಾದ ಉತ್ತರ. ಮನೆಯವರ ಕಡೆಯಿಂದ, ಆ ಉತ್ತರವನ್ನು ಹಾಸ್ಯವಿಲ್ಲದೆ, ಸಂಶಯವಿಲ್ಲದೆ ಕೇಳುವ ಕಿವಿ.

ಮೊದಲು ಎತ್ತಿದ ಪ್ರಶ್ನೆಗೆ ಸಿದ್ಧಾಂತವನ್ನು ಇನ್ನು ಹೇಳಬಹುದು. ದೋಷವು ಶಕ್ತಿಯಲ್ಲಿಲ್ಲ, ಶಕ್ತಿಯನ್ನು ಹೊತ್ತವನಲ್ಲಿಯೂ ಇಲ್ಲ. ಬಿಡಬೇಕಾದ ಕಾಲದಲ್ಲಿ ಬಿಡದೆ ಉಳಿದ ಸಂಬಂಧದಲ್ಲಿದೆ. ಕೋಶಕ್ಕೆ ವಿವೇಕವಿಲ್ಲ, ಆದುದರಿಂದ ಅದಕ್ಕೆ ಅಪರಾಧವೂ ಇಲ್ಲ. ಆದರೆ ಮನುಷ್ಯನಿಗೆ ವಿವೇಕವುಂಟು. ಲಜ್ಜೆಯು ತನ್ನ ಎಡೆಯಲ್ಲಿ ಸದ್ಗುಣವೇ. ಬಾಲಕನನ್ನು ಅದು ಮರ್ಯಾದೆಯಲ್ಲಿ ಬೆಳೆಸುವುದು, ಯುವಕನನ್ನು ಅನುಚಿತದಿಂದ ತಡೆಯುವುದು. ಕಾಯಿಲೆಯ ಬಾಗಿಲಲ್ಲಿಯೂ ಅದು ತನ್ನ ಕಾವಲನ್ನು ಬಿಡದೆ ನಿಂತರೆ, ಅದೂ ಕಾಲ ಮೀರಿದ ಶಕ್ತಿಯೇ ಆಗುವುದು. ಕೋಶವು ಬಿಡಲಾರದುದನ್ನು ವೈದ್ಯನು ಶಸ್ತ್ರದಿಂದಲೂ ಔಷಧದಿಂದಲೂ ಬಿಡಿಸಬಲ್ಲನು. ಮನುಷ್ಯನು ಹಿಡಿದುಕೊಂಡ ಲಜ್ಜೆಯನ್ನು ಅವನೇ ಬಿಡಬೇಕು. ಸಿಡಿಯದೆ ಉಳಿದ ಮದ್ದು ಎಲ್ಲಿದೆಯೆಂದು ಕಂಡವನು ಕೂಗಿ ಹೇಳುವುದು ಗಣಿಯ ಧರ್ಮ. ಹಾಗೆ ಕೂಗಿದವನನ್ನು ಗಣಿಯಲ್ಲಿ ಯಾರೂ ನಾಚಿಕೆಗೆಟ್ಟವನೆಂದು ಕರೆಯುವುದಿಲ್ಲ.